ಬಿಳಿ ಪುಡಿಯ ಹಿಡಿತ

ಒಂದರೊಳಗೊಂದು ಸಿಕ್ಕಿಕೊಂಡ ಸ್ಟೀಲ್ ಲೋಟಗಳನ್ನು ಬಿಡಿಸುವ ಉಪಾಯ ನಮ್ಮ ಅಡುಗೆಮನೆಗಳಿಗೆ ಹೊಸದಲ್ಲ: ಒಳಗಿನ ಲೋಟಕ್ಕೆ ತಣ್ಣೀರು ಸುರಿದು, ಹೊರಗಿನದನ್ನು ಬಿಸಿನೀರಿನಲ್ಲಿ ಕೂರಿಸುವುದು. ಇದರ ಅರ್ಧವನ್ನಷ್ಟೇ ನೆನಪಿಟ್ಟುಕೊಂಡಿದ್ದ ನಾನು ಬಸವನಗುಡಿಯ ಸ್ನೇಹಿತರ ಹಳೆಯ ಅಂಬಾಸಿಡರ್ ಮುಂದೆ ಹಾಟ್ ಏರ್ ಗನ್ ಹಿಡಿದು ನಿಂತೆ. ಎಂಜಿನ್ನಿನಲ್ಲಿ ಸಿಕ್ಕಿಕೊಂಡಿದ್ದ ಡಿಸ್ಟ್ರಿಬ್ಯೂಟರ್ ಅರ್ಧ ಗಂಟೆ ಕಾಯಿಸಿದರೂ ಕದಲಲಿಲ್ಲ. ಮೊದಲಿಗಿಂತ ಬಿಗಿಯಾಗಿದೆ ಅನ್ನಿಸಿತು. ನಿಜವಾಗಿಯೂ ಬಿಗಿಯಾಗಿತ್ತು.

ಆ ಕಾರು ಹೊಂಗೆ ಮರದಡಿ ಎಂಟು ಮಳೆಗಾಲ ಕಳೆದಿತ್ತು. ಅದರ 1489 ಸಿಸಿ ಎಂಜಿನ್ನಿನ ನಾಲ್ಕು ಸಿಲಿಂಡರ್‌ಗಳಿಗೆ 1-3-4-2 ಸರದಿಯಲ್ಲಿ ಕಿಡಿ ಹಂಚುವುದು ಡಿಸ್ಟ್ರಿಬ್ಯೂಟರಿನ ಕೆಲಸ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಇದರ ದಂಡ 1500 ಸುತ್ತು ತಿರುಗುತ್ತದೆ. ಅದರ ಒಂದೊಂದು ಸುತ್ತಿಗೂ ನಾಲ್ಕು ಕಿಡಿಯಂತೆ ಲೆಕ್ಕ ಹಾಕಿದರೆ ಸೆಕೆಂಡಿಗೆ ನೂರು ಕಿಡಿ. ಪಿಸ್ಟನ್ ಮೇಲಕ್ಕೆ ಮುಟ್ಟುವ ತುಸು ಮೊದಲೇ ಕಿಡಿ ಹಾರಬೇಕು. ಆ 'ತುಸು' ಎಷ್ಟೆಂದು ಹೊಂದಿಸಲು ಡಿಸ್ಟ್ರಿಬ್ಯೂಟರಿನ ಇಡೀ ಮೈಯನ್ನೇ ಕೂತಲ್ಲಿ ಆಚೀಚೆ ತಿರುಗಿಸಬೇಕು. ಅದು ಜಾಮ್ ಆದರೆ ಟೈಮಿಂಗ್ ಕೂರಿಸುವ ಮಾತೇ ಇಲ್ಲ.

ಜಾಮ್ ಮಾಡಿದ್ದು ತುಕ್ಕಲ್ಲ. ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು ಎಂದು ಕನ್ನಡ ಬೇರೆ ಬೇರೆ ಹೆಸರಿಟ್ಟಿದೆ. ತಡವಾಗಿ ಬಂದ ಅಲ್ಯೂಮಿನಿಯಂ ಪಾಲಿಗೆ ಅಂಥ ಪದ ದಕ್ಕಿಲ್ಲ. ಬಿಳಿ ಪುಡಿ ಎಂದೇ ಸಾಗಬೇಕು. ಡಿಸ್ಟ್ರಿಬ್ಯೂಟರಿನ ಮೈ ಅಲ್ಯೂಮಿನಿಯಂ, ಅದು ಕೂರುವ ಕುಳಿ ಕಬ್ಬಿಣ. ಎರಡರ ನಡುವೆ ಮಳೆಯ ತೇವ ಸೇರಿದರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ಹುಟ್ಟುತ್ತದೆ. ಎಲೆಕ್ಟ್ರಾನ್ ಬಿಟ್ಟುಕೊಡುವುದರಲ್ಲಿ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಧಾರಾಳಿ, ಹಾಗಾಗಿ ಸವೆಯುವುದೂ ಅದೇ. ಸವೆದದ್ದು ಖಾಲಿ ಜಾಗ ಬಿಟ್ಟುಹೋಗಿದ್ದರೆ ತೊಂದರೆಯಿರಲಿಲ್ಲ. ಆದರೆ ಲೋಹ ನೀರಿನೊಡನೆ ಸೇರಿ ಹೈಡ್ರಾಕ್ಸೈಡ್ ಆದಾಗ ಮೊದಲಿನ ಮೂರು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಕೂದಲೆಳೆಯಷ್ಟೂ ಇಲ್ಲದ ಸಂದಿಯಲ್ಲಿ ಅದು ಬೆಣೆಯಂತೆ ಕೂರುತ್ತದೆ.

ನನ್ನ ತಪ್ಪು ಲೋಟದ ಲೆಕ್ಕದಲ್ಲಿತ್ತು. ಲೋಟಗಳೆರಡೂ ಒಂದೇ ಲೋಹ. ಇಲ್ಲಿ ಒಳಗಿರುವ ಅಲ್ಯೂಮಿನಿಯಂ, ಹೊರಗಿರುವ ಕಬ್ಬಿಣದ ಎರಡು ಪಟ್ಟು ಹಿಗ್ಗುತ್ತದೆ. ಕುಳಿಯೊಳಗೆ ಇಳಿಯುವ 30 ಮಿಲಿಮೀಟರ್ ಅಗಲದ ಕೊರಳನ್ನು 100 ಡಿಗ್ರಿ ಕಾಯಿಸಿದರೆ ಅಲ್ಯೂಮಿನಿಯಂ ಸುಮಾರು 0.07 ಮಿಲಿಮೀಟರ್ ಉಬ್ಬುತ್ತದೆ, ಅಷ್ಟೇ ಕಾದ ಕಬ್ಬಿಣದ ಕುಳಿ ಬರೀ 0.03 ಬಿಚ್ಚಿಕೊಳ್ಳುತ್ತದೆ. ಅಲ್ಯೂಮಿನಿಯಂ ಅನ್ನೇ ನೇರವಾಗಿ ಕಾಯಿಸಿದ ನಾನಂತೂ ಬೆಣೆಯ ಮೇಲೆ ಸುತ್ತಿಗೆಯಲ್ಲಿ ಹೊಡೆದಂತಾಗಿತ್ತು.

ಕಲಾಸಿಪಾಳ್ಯದ ಕಡೆಯಿಂದ ಬಂದ ಹಿರಿಯ ಮೇಸ್ತ್ರಿ ಮೊದಲು ಮಾಡಿದ್ದು ನನ್ನ ಗನ್ ಪಕ್ಕಕ್ಕಿಟ್ಟದ್ದು. ಒಳಗೆ ತಿರುಗುತ್ತ ಕಿಡಿ ಹಂಚುವ ರೋಟರ್ ಯಾವ ಕಡೆ ಮುಖ ಮಾಡಿದೆ ಎಂದು ಗುರುತು ಗೀಚಿ, ಕ್ಲ್ಯಾಂಪಿನ ಬೋಲ್ಟ್ ಸಡಿಲಿಸಿ, ಸಂದಿಯ ಸುತ್ತ ಡೀಸೆಲ್ ಬೆರೆಸಿದ ತೆಳು ಎಣ್ಣೆ ಬಿಟ್ಟು ಮನೆಗೆ ಹೊರಟರು. ಹಣತೆಯ ಬತ್ತಿ ಎಣ್ಣೆ ಹೀರುವಂತೆ ಸಂದಿಯೂ ಹೀರುತ್ತದೆ. ಕಿರಿದಾದಷ್ಟೂ ಸೆಳೆತ ಹೆಚ್ಚು, ಆದರೆ ಹರಿವು ನಿಧಾನ. ದಪ್ಪನೆಯ ಎಂಜಿನ್ ಆಯಿಲ್ ಆದರೆ ಬಾಗಿಲಲ್ಲೇ ಉಳಿಯುತ್ತದೆ. ಮೂರು ದಿನ ಬೆಳಿಗ್ಗೆ ಸಂಜೆ ಎಣ್ಣೆ ಬಿಡುವ ಕೆಲಸ ನನ್ನ ಪಾಲಿಗೆ ಬಂತು.

ನಾಲ್ಕನೆಯ ದಿನ ಅವರು ಜ್ಯೂಸ್ ಅಂಗಡಿಯಿಂದ ಐಸ್ ತರಿಸಿದರು. ಹೊರಗಿನ ಎಣ್ಣೆಯನ್ನೆಲ್ಲ ಒರೆಸಿ, ಕಬ್ಬಿಣದ ಕುಳಿಯ ಸುತ್ತ ಮಾತ್ರ ಹದವಾಗಿ ಕಾಯಿಸಿ, ಡಿಸ್ಟ್ರಿಬ್ಯೂಟರಿನ ತಲೆಗೆ ಐಸಿನ ಗಂಟು ಒತ್ತಿ ಹಿಡಿದರು. ಅಲ್ಯೂಮಿನಿಯಂ ಒಳ್ಳೆಯ ಉಷ್ಣವಾಹಕ, ತಲೆಗೆ ತಾಗಿದ ತಂಪು ಕೊರಳಿಗೂ ಇಳಿಯುತ್ತದೆ. ಲೋಟದ ಉಪಾಯ ಈಗ ಪೂರ್ತಿಯಾಯಿತು. ಹೀಗೆ ನಾಲ್ಕೈದು ಸಲ ಬಿಸಿ ತಂಪು ಮಾಡಿದಾಗ ಪೆಡಸಾದ ಬಿಳಿ ಪುಡಿ ಬಿರುಕು ಬಿಡುತ್ತದೆ, ಬಿರುಕಿಗೆ ಎಣ್ಣೆ ಇಳಿಯುತ್ತದೆ.

ನಾನು ಮೇಲಕ್ಕೆ ಎಳೆಯಲು ಹೋದೆ. "ಸರ್, ಇದನ್ನು ಕೀಳಬಾರದು, ತಿರುಗಿಸಬೇಕು" ಎಂದರು. ಆಯಿಲ್ ಫಿಲ್ಟರ್ ಬಿಚ್ಚುವ ಬೆಲ್ಟ್ ಸುತ್ತಿ ಎಡಕ್ಕೆ ಒಂದಿಷ್ಟು, ಬಲಕ್ಕೆ ಒಂದಿಷ್ಟು ಒತ್ತಿದರು. ಪಕ್ಕದ ವ್ಯಾಕ್ಯೂಮ್ ಡಬ್ಬಿಯನ್ನು ಹಿಡಿಕೆಯೆಂದು ಹಿಡಿದು ಮುರಿದವರು ಬಹಳ ಮಂದಿಯಂತೆ. ಇಪ್ಪತ್ತು ನಿಮಿಷದ ನಂತರ 'ಟಿಕ್' ಎಂಬ ಸದ್ದು ಬಂತು. ಗೀಚಿದ ಗುರುತು ಅಕ್ಕಿಕಾಳಿನಷ್ಟು ಸರಿದಿತ್ತು.

ಹೊರಬಂದ ಕೊರಳ ತುಂಬ ವಿಭೂತಿ ಬಳಿದಂತೆ ಪುಡಿ. ಮೇಸ್ತ್ರಿ ಅದನ್ನು ಉಜ್ಜಿ ತೆಗೆದು, ತೇವ ಮತ್ತೆ ನುಸುಳದಂತೆ ತೆಳ್ಳಗೆ ಗ್ರೀಸ್ ಸವರಿ ಕೂರಿಸಿದರು. ಟೈಮಿಂಗ್ ಹೊಂದಿಸುವುದು ಮರುದಿನಕ್ಕೆ ಎಂದಾಯಿತು. ಮರುದಿನ ಮಧ್ಯಾಹ್ನವೇ ಮಳೆ ಹಿಡಿಯಿತು.