ಆಲೂಗಡ್ಡೆ ಮತ್ತು ಗಾಳಿ: ‘ದಿ ಟುರಿನ್ ಹಾರ್ಸ್’ ನೋಡುವವರಿಗೆ ಟಿಪ್ಪಣಿ

ಚಿತ್ರದುರ್ಗದ ನಮ್ಮ ರೂಮಿನಲ್ಲಿ ನಾಲ್ವರು ಲ್ಯಾಪ್‌ಟಾಪಿಗೆ ಸ್ಪೀಕರ್ ಸಿಗಿಸಿ ಈ ಸಿನಿಮಾ ನೋಡಿದೆವು. ಅರ್ಧ ಗಂಟೆಗೆಲ್ಲ ಒಬ್ಬ ಗೊರಕೆ ಶುರು ಮಾಡಿದ. ಅವನದೇನೂ ತಪ್ಪಿಲ್ಲ. ‘ಮುಂದೇನಾಗುತ್ತೆ’ ಅಂತ ಕಾದು ಕೂತರೆ ಇಲ್ಲಿ ನಿದ್ದೆ ಬಂದೇ ಬರುತ್ತೆ. ‘ನಿನ್ನೆಗೂ ಇವತ್ತಿಗೂ ಏನು ಬದಲಾಯ್ತು’ ಅಂತ ನೋಡಬೇಕು.

ಮೊದಲು ಲೆಕ್ಕ. ಹಂಗೇರಿಯ ನಿರ್ದೇಶಕ ಬೆಲಾ ತಾರ್ 2011ರಲ್ಲಿ ತಂದ ಕಪ್ಪು-ಬಿಳುಪು ಚಿತ್ರ ಇದು. ಸುಮಾರು 146 ನಿಮಿಷ, ಶಾಟ್‌ಗಳು ಬರೀ 30. ಸರಾಸರಿ ಹಿಡಿದರೆ ಒಂದೊಂದು ಶಾಟ್ ಹತ್ತಿರಹತ್ತಿರ 5 ನಿಮಿಷ ಕಟ್ ಇಲ್ಲದೆ ಓಡುತ್ತೆ. ಕಟ್ ಇದ್ದರೆ ಎಲ್ಲಿ ನೋಡಬೇಕೆಂದು ನಿರ್ದೇಶಕನೇ ತೋರಿಸಿಬಿಡುತ್ತಾನೆ. ಇಲ್ಲಿ ಆ ಕೆಲಸ ನಮ್ಮ ತಲೆಗೇ ಬೀಳುತ್ತೆ.

ಕಥೆ ಇಷ್ಟೇ: ಬಯಲಲ್ಲಿ ಒಂಟಿಮನೆ, ಅಪ್ಪ, ಮಗಳು, ಒಂದು ಕುದುರೆ, ಆರು ದಿನ. ಕುದುರೆ ಗಾಡಿ ಎಳೆಯಲ್ಲ ಅಂತ ನಿಂತುಬಿಡುತ್ತೆ, ಆಮೇಲೆ ಮೇವೂ ಮುಟ್ಟಲ್ಲ. ಬಾವಿ ಬತ್ತುತ್ತೆ. ದೀಪ ಹತ್ತಲ್ಲ.

ಊಟದ ದೃಶ್ಯಗಳನ್ನು ಮಾತ್ರ ಬಿಡಬೇಡಿ. ದಿನಾ ಆಳಿಗೊಂದು ಬೆಂದ ಆಲೂಗಡ್ಡೆ. ಅಪ್ಪನ ಬಲಗೈ ಸ್ವಾಧೀನದಲ್ಲಿಲ್ಲ. ಹಬೆಯಾಡುವ ಗಡ್ಡೆಯ ಸಿಪ್ಪೆಯನ್ನು ಎಡಗೈ ಬೆರಳಲ್ಲೇ ಕಿತ್ತು, ಜಜ್ಜಿ, ಉಫ್ ಉಫ್ ಅಂತ ಬಾಯಿಗೆ ತುರುಕುತ್ತಾನೆ. ನಾವು ನಕ್ಕೆವು. ಮುಂದಿನ ಊಟಕ್ಕೆ ಕ್ಯಾಮೆರಾ ಮಗಳ ಕಡೆ ತಿರುಗಿರುತ್ತೆ. ಅವಳದು ನಿಧಾನ, ಚೂರುಚೂರೇ ಮುರಿದು ತಿನ್ನುತ್ತಾಳೆ. ಹೋದ ಸಲವೂ ಅವಳು ಎದುರಿಗೇ ಕೂತಿದ್ದಳಲ್ಲ, ನಾವೇ ನೋಡಿರಲಿಲ್ಲ. ಕೊನೆಯ ದಿನ ಬೆಂಕಿಯಿಲ್ಲ, ತಟ್ಟೆಯಲ್ಲಿ ಹಸಿ ಗಡ್ಡೆ. ಮಗಳು ಮುಟ್ಟುವುದಿಲ್ಲ. ಮೊದಲ ದಿನದ ಉಫ್ ಉಫ್ ಮರೆತವರಿಗೆ ಅದು ಬರೀ ಗಡ್ಡೆ.

ನಡುವೆ ನೆರೆಯವನೊಬ್ಬ ಬಂದು ಲೋಕ ಕೆಟ್ಟ ಬಗ್ಗೆ ಭಾಷಣ ಬಿಗಿಯುತ್ತಾನೆ. ನನಗೆ ಅದು ಹಿಡಿಸಲಿಲ್ಲ; ಆಲೂಗಡ್ಡೆ ಅದನ್ನೇ ಬಾಯಿ ಬಿಡದೆ ಹೇಳುತ್ತಿತ್ತು.

ಇನ್ನು ಗಾಳಿ. ಜೋಗಿಮಟ್ಟಿ ಕಡೆಯ ಗಾಳಿಯಂತ್ರ ನೋಡುತ್ತ ಬೆಳೆದವರಿಗೆ, ಆಷಾಢದಲ್ಲಿ ಕೋಟೆ ಹತ್ತಿದವರಿಗೆ ಗಾಳಿ ಹೊಸದೇನಲ್ಲ. ಆದರೆ ಸಿನಿಮಾದಲ್ಲಿ ಆ ಒಂಟಿಮನೆಯ ಬಾಗಿಲು ತೆಗೆದಾಗ ಅದು ಹೇಗೆ ನುಗ್ಗುತ್ತೆ, ಮುಚ್ಚಿದಾಗ ಎಷ್ಟು ಉಳಿಯುತ್ತೆ, ಕಿವಿಗೊಡಿ. ದಿನಗಟ್ಟಲೆ ಬೀಸಿದ್ದು ಐದನೇ ದಿನದ ಕೊನೆಗೆ ನಿಲ್ಲುತ್ತೆ. ನಮ್ಮ ಗೊರಕೆಯವನಿಗೆ ಆಗಲೇ ಎಚ್ಚರವಾದದ್ದು.

“ಫ್ಯಾನ್ ಯಾರ್ಲೇ ಆಫ್ ಮಾಡಿದ್ದು?” ಅಂದ.