‘ಗೆಟ್’ ಅಂದರೆ ‘ಪಡೆ’ ಅಷ್ಟೇನಾ?

ಪ್ರಶ್ನೆ: ಇಂಗ್ಲಿಷಿನ ‘ಗೆಟ್’ ಅಂದರೆ ‘ಪಡೆ’ ಅಂತ ಕಲಿತಿದ್ದೇವೆ. ಹಾಗಾದರೆ ‘ಗೆಟ್ ಆಂಗ್ರಿ’, ‘ಗೆಟ್ ಹೋಮ್’ ಅನ್ನುವಾಗ ಪಡೆಯುವುದು ಏನನ್ನು?

ಉತ್ತರ: ಏನನ್ನೂ ಇಲ್ಲ! ‘ಗೆಟ್’ ಆದ ಮೇಲೆ ಯಾವ ಪದ ಬಂದಿದೆ ಅಂತ ನೋಡಿ. ಅರ್ಥ ತಿಳಿಯುವುದು ಅಲ್ಲಿಂದಲೇ.

ವಸ್ತುವಿನ ಹೆಸರು ಬಂದರೆ ಸಾಮಾನ್ಯವಾಗಿ ‘ಸಿಗು’. ‘ಐ ಗಾಟ್ ಎ ಜಾಬ್’ ಅಂದರೆ ನನಗೆ ಕೆಲಸ ಸಿಕ್ಕಿತು. ನಮ್ಮ ‘ನನಗೆ’ ಅಲ್ಲಿ ‘ಐ’ ಆಗುತ್ತದೆ, ಅದೊಂದು ನೆನಪಿರಲಿ. ಜಾಗ ಬಂದರೆ ‘ತಲುಪು’: ‘ಗೆಟ್ ಟು ದಿ ಸ್ಟೇಷನ್’. ‘ಹೋಮ್’ನಂಥ ಕೆಲವು ಪದಗಳಿಗೆ ಆ ‘ಟು’ ಬೇಡ.

ಗುಣ ಹೇಳುವ ಪದ ಬಂದರೆ ‘ಆಗು’. ‘ಹಿ ಈಸ್ ಮ್ಯಾರೀಡ್’ ಅಂದರೆ ಅವನಿಗೆ ಮದುವೆಯಾಗಿದೆ, ಈಗಿನ ಸ್ಥಿತಿ. ‘ಹಿ ಗಾಟ್ ಮ್ಯಾರೀಡ್ ಇನ್ 2015’ ಅಂದರೆ ಆ ವರ್ಷ ಮದುವೆಯಾದ. ‘ಗೆಟ್ ಆಂಗ್ರಿ’ಯೂ ಇದೇ ಜಾತಿ: ಸುಮ್ನಿದ್ದವರಿಗೆ ಸಿಟ್ಟು ಬರುವುದು.

ನಾವು ಜಾಸ್ತಿ ಎಡವುವುದು ಇನ್ನೊಂದು ಕಡೆ. ಬೇರೆಯವರ ಕೈಲಿ ಕೂದಲು ಕತ್ತರಿಸಿಕೊಂಡು ಬಂದು ‘ಐ ಕಟ್ ಮೈ ಹೇರ್’ ಅನ್ನುತ್ತೇವೆ. ಕೇಳಿದವರು ನೀವೇ ಕತ್ತರಿ ಹಿಡಿದಿರಿ ಅಂದುಕೊಳ್ಳಬಹುದು. ‘ಐ ಗಾಟ್ ಮೈ ಹೇರ್ ಕಟ್’ ಅನ್ನಬೇಕು. ಕನ್ನಡದಲ್ಲಿ ‘ಮಾಡು’ವಿಗೆ ‘ಇಸು’ ಸೇರಿಸಿ ‘ಮಾಡಿಸು’ ಅಂತೀವಲ್ವಾ, ಆ ‘ಇಸು’ವಿನ ಕೆಲಸವನ್ನು ಇಲ್ಲಿ ‘ಗೆಟ್’ ಮಾಡುತ್ತದೆ. ‘ಗೆಟ್ ದಿ ಕಾರ್ ರಿಪೇರ್ಡ್’ ಅಂದರೆ ಕಾರು ರಿಪೇರಿ ಮಾಡಿಸು. ಯಾರ ಕೈಲಿ ಮಾಡಿಸಿದ್ದು ಅಂತಲೂ ಹೇಳಬೇಕಾದರೆ ‘ಟು’ ಬೇಕು: ‘ಐ ಗಾಟ್ ಹಿಮ್ ಟು ರಿಪೇರ್ ಇಟ್’. ಅದೇ ‘ಮೇಡ್’ ಬಳಸಿದರೆ ‘ಟು’ ಬರುವುದಿಲ್ಲ, ‘ಐ ಮೇಡ್ ಹಿಮ್ ರಿಪೇರ್ ಇಟ್’. ಆದರೆ ಅದರಲ್ಲಿ ಬಲವಂತದ ವಾಸನೆ ಇದೆ. ‘ಗಾಟ್’ನಲ್ಲಿ ಒಪ್ಪಿಸಿ ಮಾಡಿಸಿದ ಭಾವ.

‘ಐ ಹ್ಯಾವ್ ಗಾಟ್ ಎ ಕಾರ್’ ಇನ್ನೂ ತಮಾಷೆ. ನೋಡಲು ಹಿಂದೆ ನಡೆದದ್ದರಂತಿದೆ, ಅರ್ಥ ಮಾತ್ರ ಈಗಿನದು: ನನ್ನ ಹತ್ತಿರ ಕಾರಿದೆ. ಅಮೆರಿಕದವರು ಹೊಸದಾಗಿ ಕೊಂಡಿದ್ದರೆ ‘ಹ್ಯಾವ್ ಗಾಟನ್’ ಅನ್ನುತ್ತಾರೆ. ಈಗಿನ ಬ್ರಿಟಿಷ್ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಎರಡಕ್ಕೂ ‘ಗಾಟ್’ ಸಾಕು.

ಇಷ್ಟೆಲ್ಲ ಕೆಲಸಕ್ಕೆ ಬಂದರೂ, ಅರ್ಜಿ ಅಥವಾ ಕಚೇರಿ ಪತ್ರದಲ್ಲಿ ‘ಗೆಟ್’ ಕಡಿಮೆ ಮಾಡಿ. ‘ಐ ಗಾಟ್ ಯುವರ್ ಲೆಟರ್’ ತಪ್ಪೇನಲ್ಲ, ಆದರೆ ಅಲ್ಲಿ ‘ರಿಸೀವ್ಡ್’ ಹೆಚ್ಚು ಒಪ್ಪುತ್ತದೆ.