ಅಹವಾಲು, ಹವಾಲಾ, ಹವಾಲ್ದಾರ: ಬೇರು ಒಂದೇ

ಅಹವಾಲು, ಹವಾಲಾ, ಹವಾಲ್ದಾರ, ಹಾಲಿ ಶಾಸಕ. ಇವಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲ ಅನಿಸುತ್ತದೆ, ಅಲ್ವಾ? ಆದರೆ ಅಹವಾಲು, ಹವಾಲಾ, ಹವಾಲ್ದಾರ, ಹಾಲಿ ಈ ನಾಲ್ಕಕ್ಕೂ ಮೂಲ ಅರಬ್ಬಿಯ ಒಂದೇ ಧಾತು: ಹ-ವ-ಲ. ಪಾರಸಿ ಆಡಳಿತ ಭಾಷೆಯಾಗಿದ್ದ ಕಾಲದಲ್ಲಿ ಕಚೇರಿ, ಕಂದಾಯ, ಸೈನ್ಯದ ವ್ಯವಹಾರದ ಜೊತೆ ಇಂಥ ಪದಗಳು ಕನ್ನಡಕ್ಕೆ ಬಂದವು.

ಅರಬ್ಬಿಯ ಹೆಚ್ಚಿನ ಪದಗಳು ಮೂರು ವ್ಯಂಜನಗಳ ಮೇಲೆ ನಿಂತಿವೆ. ನಡುವಿನ ಸ್ವರ ಬದಲಾದರೆ ಅಥವಾ ಹಿಂದೆ ಮುಂದೆ ಏನಾದರೂ ಸೇರಿದರೆ ಹೊಸ ಪದ. ಕನ್ನಡ ಪದದ ಕೊನೆಗೆ ಪ್ರತ್ಯಯ ಹಚ್ಚುತ್ತದೆ. ಅರಬ್ಬಿ ಪದದ ಒಳಗೇ ಕೈ ಹಾಕುತ್ತದೆ. ಹ-ವ-ಲ ಧಾತುವಿನಲ್ಲಿ ನಡುವಿನ ವ ಗಟ್ಟಿಯಾಗಿ ನಿಲ್ಲುವುದಿಲ್ಲ. 'ಹಾಲ್' ಅಂದರೆ ಸ್ಥಿತಿ, ನಮ್ಮ 'ಹಾಲಿ' ಬಂದದ್ದು ಇದರಿಂದಲೇ; ಅಲ್ಲಿ ವ ಕರಗಿ ದೀರ್ಘ 'ಆ' ಆಗಿದೆ. ಬಹುವಚನ ಮಾಡಿದ ಕೂಡಲೇ ಮತ್ತೆ ಕಾಣಿಸಿಕೊಳ್ಳುತ್ತದೆ: ಅಹ್ವಾಲ್. ನಮ್ಮ ಅಹವಾಲು ಇದೇ. ಅಂದರೆ 'ಅಹವಾಲುಗಳು' ಎಂಬಲ್ಲಿ ಎರಡೆರಡು ಬಹುವಚನ. ತಪ್ಪೇನಲ್ಲ, ಕನ್ನಡಕ್ಕೆ ಬಂದ ಮೇಲೆ ಕನ್ನಡದ ವ್ಯಾಕರಣವೇ.

ಹವಾಲಾ ಇವತ್ತು ಕಳ್ಳ ದಂಧೆಯ ಹೆಸರು. ಇಸ್ಲಾಮಿ ನ್ಯಾಯಶಾಸ್ತ್ರದಲ್ಲಿ ಅದು ಸಾಲದ ವರ್ಗಾವಣೆ, ಅಷ್ಟೇ. ನಾನು ನಿಮಗೆ ಹಣ ಕೊಡಬೇಕು, ಇನ್ನೊಬ್ಬ ನನಗೆ ಕೊಡಬೇಕು. 'ಅವನ ಹತ್ತಿರವೇ ತಗೊಳ್ಳಿ' ಎಂದು ಒಪ್ಪಿಸಿದರೆ ಹವಾಲಾ ಆಯಿತು. ಹೀಗೆ ಒಪ್ಪಿಸಿದ್ದನ್ನು ವಹಿಸಿಕೊಂಡವನು, ಪಾರಸಿಯ 'ದಾರ್' ಸೇರಿ, ಹವಾಲ್ದಾರ.

10ನೇ ಶತಮಾನದ ನಿಘಂಟುಕಾರ ಇಬ್ನ್ ಫಾರಿಸ್ ಈ ಧಾತುವಿಗೆ ಕೊಟ್ಟ ಮೂಲಾರ್ಥ ಒಂದೇ: ಸುತ್ತುತ್ತಾ ಚಲಿಸುವುದು. ವರ್ಷಕ್ಕೆ 'ಹೌಲ್' ಎನ್ನುವುದು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಎಲ್ಲ ಪದಗಳನ್ನೂ ಸುತ್ತಿಗೇ ಕಟ್ಟಿಹಾಕುವುದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕುರ್‌ಆನ್‌ನ 11ನೇ ಅಧ್ಯಾಯದಲ್ಲಿ ಪ್ರವಾಹದ ನಡುವೆ ಪ್ರವಾದಿ ನೂಹ್ ಮಗನನ್ನು ಹಡಗಿಗೆ ಕರೆಯುತ್ತಾರೆ. ಬೆಟ್ಟ ಹತ್ತಿ ಉಳಿದುಕೊಳ್ಳುತ್ತೇನೆ ಎನ್ನುತ್ತಾನೆ ಮಗ. ಅಷ್ಟರಲ್ಲಿ ಅಲೆಯೊಂದು ಇಬ್ಬರ ನಡುವೆ ಬಂದುಬಿಡುತ್ತದೆ. ಆ 'ನಡುವೆ ಬಂತು' ಎಂಬುದಕ್ಕೆ ಅಲ್ಲಿರುವ ಕ್ರಿಯಾಪದ 'ಹಾಲ', ಇದೇ ಧಾತು. ಇಲ್ಲಿ ಸುತ್ತು ಎಲ್ಲಿದೆ? ಇದ್ದದ್ದು ಇದ್ದಂತೆ ಉಳಿಯಲಿಲ್ಲ ಎಂಬ ಅರ್ಥವೇ ಜಾಸ್ತಿ ಸರಿ. ಸೂಫಿಗಳ ಬಳಕೆಯೂ ಅದನ್ನೇ ಹೇಳುತ್ತದೆ. ಅವರಿಗೆ 'ಹಾಲ್' ಅಂದರೆ ತಾನಾಗಿ ಬಂದು ಹೋಗುವ ಭಾವಾವಸ್ಥೆ. ಸಾಧನೆಯಿಂದ ದಕ್ಕಿ ನಿಲ್ಲುವ ಹಂತಕ್ಕೆ ಬೇರೆ ಪದವಿದೆ, 'ಮಕಾಮ್'.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ ಧಾತುವಿನ 'ಹೀಲಾ', ಅಂದರೆ ಉಪಾಯ. ಬಹುವಚನ 'ಹಿಯಲ್'. 9ನೇ ಶತಮಾನದ ಬಾಗ್ದಾದ್‌ನಲ್ಲಿ ಬನೂ ಮೂಸಾ ಎಂಬ ಮೂವರು ಸೋದರರು ಯಂತ್ರಗಳ ಬಗ್ಗೆ ಬರೆದ ಪುಸ್ತಕದ ಹೆಸರಲ್ಲೇ ಈ ಪದವಿದೆ. ಆಕಾರ ಬದಲಿಸುವ ಕಾರಂಜಿ, ತಾನೇ ಬತ್ತಿ ಸರಿಪಡಿಸಿಕೊಳ್ಳುವ ದೀಪ ಎಲ್ಲ ಅದರಲ್ಲಿವೆ. ಕಾನೂನಿನ ಅಕ್ಷರ ಮುರಿಯದೆ ಬಡ್ಡಿಯ ನಿಷೇಧದಿಂದ ನುಣುಚಿಕೊಳ್ಳುವ ದಾರಿಗಳಿಗೂ ಹೆಸರು ಹಿಯಲ್ಲೇ. ಇಸ್ಲಾಮಿ ನ್ಯಾಯಶಾಸ್ತ್ರದ ಹನಫಿ ಪಂಥದ ವಿದ್ವಾಂಸರು ಇಂಥ ಉಪಾಯಗಳ ಬಗ್ಗೆ ಗ್ರಂಥಗಳನ್ನೇ ಬರೆದರು. ಇನ್ನೊಂದು ಪಂಥವಾದ ಹನ್ಬಲಿಯ ವಿದ್ವಾಂಸ ಇಬ್ನ್ ತೈಮಿಯ್ಯಾ ಅವನ್ನು ಕಟುವಾಗಿ ವಿರೋಧಿಸಿದರು.